ಮೂರು ನಿಮಿಷದ ಗದಾಯುದ್ಧ

ಕನ್ನಡ ಎಂ.ಎ. ಮಾಡಿಕೊಂಡವನಿಗೆ ಯಂತ್ರಗಳ ಕಾಳಗದಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ಕೇಳತಕ್ಕ ಮಾತೇ. ನನ್ನ ಮನೆಯಾಕೆಯೂ ಅದನ್ನೇ ಕೇಳಿದಳು. ಶನಿವಾರ ರಾಗಿ ಬೀಸಿಸಿಕೊಂಡು ಬರುವೆನೆಂದು ನಾನು ಮಾತು ಕೊಟ್ಟಿದ್ದೆ. ಆ ಮಾತಿಗೆ ತಪ್ಪಿ, ಐವರು ವಿದ್ಯಾರ್ಥಿಗಳೊಡನೆ, ೧೫ ಕಿಲೋ ತೂಕದ ಒಂದು ಕಬ್ಬಿಣದ ಪ್ರಾಣಿಯನ್ನು ಹೊರಿಸಿಕೊಂಡು ಬೆಂಗಳೂರಿನ ಬಸ್ಸು ಹತ್ತಿದೆ. ರಾಗಿಯ ವಿಷಯದಲ್ಲಿ ನನಗೆ ಆದ ಮಂಗಳಾರತಿಯನ್ನು ಇಲ್ಲಿ ಬರೆಯುವುದಿಲ್ಲ. ಆ ಕಬ್ಬಿಣದ ಪ್ರಾಣಿಯ ಕಥೆಯನ್ನಷ್ಟೇ ಬರೆಯುತ್ತೇನೆ.

ಕನಕಪುರದ ಸಮೀಪದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಹೇಳುವವನು. ಎಂಜಿನಿಯರಾಗುವವನಿಗೂ ಕನ್ನಡ ಬೇಕೆಂಬುದು ವಿಶ್ವವಿದ್ಯಾಲಯದ ನಿಯಮ. ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಅರಿಯದವರಿಗೆ ‘ಬಳಕೆ ಕನ್ನಡ’. ತರಗತಿಗೆ ವಾರಕ್ಕೊಂದು ಗಂಟೆ. ಆ ಒಂದು ಗಂಟೆಯಲ್ಲಿ ವಿದ್ಯಾರ್ಥಿಗಳು ಉಳಿದ ವಿಷಯಗಳ ಲೆಕ್ಕ ಮಾಡಿಕೊಳ್ಳುತ್ತಾರೆ. ನಾನು ಕಂಡರೂ ಕಾಣದವನಂತೆ ಪಾಠ ಮಾಡುತ್ತೇನೆ. ನಮ್ಮ ಒಪ್ಪಂದ ಹೀಗೆ ಸುಖವಾಗಿ ನಡೆದಿತ್ತು. ಒಂದು ದಿನ ಪಠ್ಯವನ್ನು ಬದಿಗಿಟ್ಟು ರನ್ನನ ‘ಗದಾಯುದ್ಧ’ದ ಕಥೆ ಹೇಳಿದೆ. ಭೀಮ ದುರ್ಯೋಧನರ ಕಡೆಯ ಕಾಳಗವನ್ನು ಕೈಗೆತ್ತಿಕೊಂಡು, ಅಲ್ಲಿಂದ ಹಿಂದಿರುಗಿ ನೋಡುತ್ತ, ಇಡೀ ಭಾರತದ ಕಥೆಯನ್ನು ಹೇಳಿಬಿಡುವ ಕವಿಯ ಸಿಂಹಾವಲೋಕನ ಕ್ರಮವನ್ನು ವಿವರಿಸಿದೆ. ಹಿಂದಿನ ಬೆಂಚಿನಲ್ಲಿ ಸದಾ ತಲೆ ತಗ್ಗಿಸಿ ಏನೋ ಗೀಚುತ್ತಿದ್ದ ಹುಡುಗನೊಬ್ಬ ಅಂದು ಮೊದಲ ಬಾರಿಗೆ ತಲೆ ಎತ್ತಿದ. ಗಂಟೆ ಹೊಡೆದ ಮೇಲೆ ಹತ್ತಿರ ಬಂದು, “ಸಾರ್, ನಾವೂ ಒಂದು ಗದಾಯುದ್ಧಕ್ಕೆ ಹೋಗ್ತಿದ್ದೀವಿ. ಜೊತೆಗೆ ಒಬ್ಬರು ಅಧ್ಯಾಪಕರು ಇರಲೇಬೇಕಂತೆ. ನೀವು ಬರ್ತೀರಾ?” ಎಂದು ಕೇಳಿದ. ಆತ ಮೇಜಿನ ಮೇಲಿಟ್ಟ ಕಾಗದಕ್ಕೆ ನಾನು ಪೂರ್ತಿ ಓದದೆ ರುಜು ಹಾಕಿದೆ. ‘ಓದಿ, ಓದಿ’ ಎಂದು ಮಕ್ಕಳಿಗೆ ದಿನವೂ ಹೇಳುವವನು ತಾನೇ ಓದದೆ ಹಾಕಿದ ಆ ರುಜುವಿನ ಫಲ ಮುಂದೆ ಬರುತ್ತದೆ.

ಯಂತ್ರಕ್ಕೆ ಹೆಸರಿಡುವ ಭಾರ ನನ್ನ ಮೇಲೆ ಬಿದ್ದಿತು. ನಾನು ‘ಪ್ರಳಯಭೈರವ’ ಎಂದು ಆರಂಭಿಸಿ ಐದಾರು ಹೆಸರು ಸೂಚಿಸಿದೆ. ಹುಡುಗರು ವಿನಯದಿಂದ ಕೇಳಿಕೊಂಡು, ‘ಟಗರು’ ಎಂದು ಇಟ್ಟರು. ತಲೆ ಬಗ್ಗಿಸಿ ನುಗ್ಗಿ ಹಾಯುವುದೇ ಅದರ ಕೆಲಸವಾದುದರಿಂದ ಹೆಸರು ಒಪ್ಪುವಂತೆಯೇ ಇತ್ತು. “ಟಗರೆಂದ ಮೇಲೆ ಕೊಂಬು ಬೇಡವೇ? ಕೊಂಬಿಲ್ಲದ ಟಗರು ಅಲಂಕಾರವಿಲ್ಲದ ಕಾವ್ಯದಂತೆ” ಎಂದೆ. ಮಾರನೆಯ ವಾರ ತಗಡಿನಲ್ಲಿ ಕತ್ತರಿಸಿ ಸುರುಳಿ ಮಾಡಿದ ಎರಡು ಕೊಂಬುಗಳು ಯಂತ್ರದ ಬೆನ್ನಿನ ಮೇಲೆ ಬಂದು ಕುಳಿತವು. ನನ್ನ ಸಾಹಿತ್ಯಸೇವೆಯ ಬಗ್ಗೆ ನನಗೇ ಹೆಮ್ಮೆಯಾಯಿತು.

ಬಸ್ಸಿನಲ್ಲಿ ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಸೀಟಿನ ಕೆಳಗೆ ತಳ್ಳಿದ್ದರು. ಕಂಡಕ್ಟರು ಗೋಣಿಯನ್ನು ಬಗ್ಗಿ ನೋಡಿ, “ಏನ್ರಪ್ಪಾ ಇದು?” ಎಂದ.

“ಟಗರು ಸಾರ್.”

“ಟಗರಿಗೂ ಟಿಕೆಟ್ ತಗೋಬೇಕು. ಉಸಿರಾಡ್ತದಾ?”

“ಇಲ್ಲ ಸಾರ್, ಇನ್ನೂ ಬ್ಯಾಟರಿ ಹಾಕಿಲ್ಲ.”

ಇಡೀ ಬಸ್ಸು ನಕ್ಕಿತು. ಲಗೇಜಿನ ಟಿಕೆಟ್ಟು ಹರಿದುಕೊಟ್ಟು ಕಂಡಕ್ಟರೂ ನಕ್ಕ. ನಗದೆ ಕುಳಿತಿದ್ದವಳು ತಂಡದ ಒಬ್ಬಳೇ ಹುಡುಗಿ. ಬ್ಯಾಟರಿಗಳ ಹೊಣೆ ಅವಳದು. ಲಿಥಿಯಂ ಪಾಲಿಮರ್ ಬ್ಯಾಟರಿಯ ಸ್ವಭಾವ ದೂರ್ವಾಸನದು. ಒಂದೊಂದು ಕೋಶಕ್ಕೆ ೪.೨ ವೋಲ್ಟಿಗಿಂತ ಹೆಚ್ಚು ತುಂಬಬಾರದು, ೩ ವೋಲ್ಟಿಗಿಂತ ಕೆಳಗೆ ಇಳಿಸಬಾರದು, ಮೊಳೆ ಚುಚ್ಚಿದರೆ ಹೊತ್ತಿಕೊಂಡು ಉರಿಯುತ್ತದೆ. ತಗಡಿನ ಪೆಟ್ಟಿಗೆಯಲ್ಲಿಟ್ಟ ಆ ಬ್ಯಾಟರಿಗಳನ್ನು ಆಕೆ ಮದುವೆಮನೆಯ ಒಡವೆ ಪೆಟ್ಟಿಗೆಯಂತೆ ತೊಡೆಯ ಮೇಲಿಟ್ಟುಕೊಂಡು, ದಾರಿಯುದ್ದಕ್ಕೂ ಎರಡು ಕೈಯಿಂದ ಹಿಡಿದಿದ್ದಳು.

ಹಾರೋಹಳ್ಳಿ ದಾಟುವಷ್ಟರಲ್ಲಿ ನನ್ನೊಳಗಿನ ಮೇಷ್ಟರು ಎಚ್ಚೆತ್ತ. ರೋಬೋಟ್ ಎಂಬ ಪದ ಎಲ್ಲಿಂದ ಬಂದಿತು ಗೊತ್ತೇ ಎಂದು ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಚೆಕ್ ಲೇಖಕ ಕಾರೆಲ್ ಚಾಪೆಕ್ ೧೯೨೦ರಲ್ಲಿ ಪ್ರಕಟಿಸಿದ ‘ಆರ್.ಯು.ಆರ್.’ ಎಂಬ ನಾಟಕದಿಂದ ಅದು ಲೋಕಕ್ಕೆ ಬಂದಿತು. ಪದವನ್ನು ಸೂಚಿಸಿದವನು ಚಿತ್ರಕಾರನಾಗಿದ್ದ ಅವನ ಅಣ್ಣ ಯೋಸೆಫ್. ಆ ಭಾಷೆಯಲ್ಲಿ ‘ರೊಬೊತ’ ಎಂದರೆ ಒಡೆಯನಿಗೆ ಕೂಲಿಯಿಲ್ಲದೆ ದುಡಿಯಬೇಕಾದ ದುಡಿಮೆ. ನಮ್ಮ ‘ಬಿಟ್ಟಿ’ಯೇ ಅದು, ಸಂಸ್ಕೃತದ ‘ವಿಷ್ಟಿ’ ಕನ್ನಡದಲ್ಲಿ ‘ಬಿಟ್ಟಿ’ಯಾಗಿದೆ. “ಹಾಗಾದರೆ ರೋಬೋಟ್ ನಾವೇ ಸಾರ್. ನಾಲ್ಕು ತಿಂಗಳು ಬಿಟ್ಟಿ ದುಡಿದಿದ್ದೀವಿ” ಎಂದ ಒಬ್ಬ. ಹುಡುಗಿ ತಿದ್ದಿದಳು: “ನಿಜವಾಗಿ ನೋಡಿದರೆ ಟಗರು ರೋಬೋಟೇ ಅಲ್ಲ. ತಾನಾಗಿ ಏನೂ ಯೋಚಿಸಲ್ಲ. ದೂರದಲ್ಲಿ ನಿಂತು ಇವನು ನಡೆಸ್ತಾನೆ.”

‘ಇವನು’ ಎಂದರೆ ಹಿಂದಿನ ಬೆಂಚಿನ ಆ ಹುಡುಗ. ಅವನೇ ಸಾರಥಿ. ಈ ಆಟದ ಪುರಾಣವೆಲ್ಲ ಅವನಿಗೆ ಬಾಯಿಪಾಠ. ಅಮೆರಿಕದ ಡೆನ್ವರ್ ನಗರದಲ್ಲಿ ೧೯೮೭ರಲ್ಲಿಯೇ ಇಂಥ ಸಣ್ಣ ಯಂತ್ರಗಳ ಜಗಳ ನಡೆದಿತ್ತಂತೆ. ಆಮೇಲೆ, ಚಲನಚಿತ್ರಗಳಿಗೆ ಮಾದರಿಗಳನ್ನು ತಯಾರಿಸುತ್ತಿದ್ದ ಮಾರ್ಕ್ ಥಾರ್ಪ್ ಎಂಬುವರು ಮನೆಯ ಕಸ ಹೀರುವ ಯಂತ್ರವನ್ನು ದೂರದಿಂದ ನಡೆಸಲು ಹೊರಟರು. ಮನೆ ಶುದ್ಧವಾಗಲಿಲ್ಲ, ಆದರೆ ಯಂತ್ರಗಳನ್ನು ಕಾದಾಡಿಸುವ ಯೋಚನೆ ಹುಟ್ಟಿತು. ೧೯೯೪ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ‘ರೋಬೋಟ್ ವಾರ್ಸ್’ ನಡೆಯಿತು, ೧೯೯೮ರಲ್ಲಿ ಬಿ.ಬಿ.ಸಿ. ಅದನ್ನು ದೂರದರ್ಶನಕ್ಕೆ ತಂದಿತು. ನಮ್ಮಲ್ಲಿ ಮುಂಬಯಿಯ ಐ.ಐ.ಟಿ.ಯ ‘ಟೆಕ್‌ಫೆಸ್ಟ್’ ಉತ್ಸವದಲ್ಲಿ ಪರದೇಶದ ತಂಡಗಳೂ ಬಂದು ಸೆಣಸುತ್ತವೆ. ಈ ಹುಡುಗರ ಪಾಲಿನ ವೇದವೆಂದರೆ, ಬ್ರೆಜಿಲ್ ದೇಶದ ರಿಯೊ ನಗರದ ಪ್ರಾಧ್ಯಾಪಕ ಮಾರ್ಕೊ ಆಂಟೋನಿಯೊ ಮೆಜ್ಜಿಯೊಲಾರೊ ಅವರು ಬರೆದ ಒಂದು ದೊಡ್ಡ ಪುಸ್ತಕ. ತಮ್ಮ ‘ರಿಯೊಬಾಟ್ಜ್’ ತಂಡ ಕಲಿತುದನ್ನೆಲ್ಲ, ಬೋಲ್ಟಿನ ಲೆಕ್ಕದಿಂದ ಹಿಡಿದು, ಅವರು ೨೦೦೯ರ ಹೊತ್ತಿಗೆ ಇಂಗ್ಲಿಷಿನಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟುಬಿಟ್ಟರು. ಅವರ ಹೆಸರಾಂತ ಯಂತ್ರದ ಹೆಸರು ‘ತೌರೊ’. ಪೋರ್ಚುಗೀಸಿನಲ್ಲಿ ಹಾಗೆಂದರೆ ಹೋರಿ. ರಿಯೊದಲ್ಲಿ ಹೋರಿ, ಕನಕಪುರದಲ್ಲಿ ಟಗರು. “ಗುಟ್ಟನ್ನೆಲ್ಲ ಹೀಗೆ ಬಿಟ್ಟುಕೊಟ್ಟರೆ ಎದುರಾಳಿಗಳು ಗೆದ್ದುಬಿಡುವುದಿಲ್ಲವೇ?” ಎಂದು ಕೇಳಿದೆ. “ಗೆಲ್ತಾರೆ ಸಾರ್” ಎಂದನೇ ಹೊರತು, ಅದರಲ್ಲೇನು ತಪ್ಪೆಂದು ಅವನಿಗೆ ತಿಳಿದಂತೆ ಕಾಣಲಿಲ್ಲ.

ಕಾಳಗ ನಡೆದುದು ಬೆಂಗಳೂರಿನ ಒಂದು ಕಾಲೇಜಿನ ಅಂಗಳದಲ್ಲಿ. ಕಬ್ಬಿಣದ ನೆಲ, ಸುತ್ತಲೂ ಪಾಲಿಕಾರ್ಬೊನೇಟಿನ ಪಾರದರ್ಶಕ ಗೋಡೆ. ಮದಿಸಿದ ಮೃಗಗಳಿಗೆ ಮಾಡಿದ ಬೋನಿನಂತೆ. ಒಂದು ಪಂದ್ಯಕ್ಕೆ ಮೂರು ನಿಮಿಷ. ಮೊದಲು ತಪಾಸಣೆ. ಸಾರಥಿಯ ಕೈಯಲ್ಲಿರುವ ನಿಯಂತ್ರಕವನ್ನು ನಂದಿಸಿದೊಡನೆ ಯಂತ್ರ ನಿಂತುಬಿಡಬೇಕು. ಹಗ್ಗ ತಪ್ಪಿದ ಟಗರಿಗೆ ಅಲ್ಲಿ ಪ್ರವೇಶವಿಲ್ಲ. ಆಮೇಲೆ ತಕ್ಕಡಿ. ೧೫ ಕಿಲೋ ಮೀರಿದರೆ ಹೊರಕ್ಕೆ. ನಮ್ಮ ಟಗರು ೧೪ ಕಿಲೋ ೯೮೦ ಗ್ರಾಂ ತೂಗಿತು. ಕೊಂಬುಗಳೂ ಸೇರಿ ತೂಗಿತೆಂದು ನಾನು ಸಂತೋಷಪಟ್ಟೆ.

ನಮ್ಮ ಆಯುಧದ ಬಲವನ್ನು ಸಾರಥಿ ನನಗೆ ವಿವರಿಸಿದ್ದ. ಮೂತಿಯಲ್ಲಿ ಒಂದು ಉಕ್ಕಿನ ಉರುಳೆ. ವ್ಯಾಸ ೧೦ ಸೆಂಟಿಮೀಟರು, ತೂಕ ೩ ಕಿಲೋ, ಅದಕ್ಕೆ ಎರಡು ಹಲ್ಲು. ನಿಮಿಷಕ್ಕೆ ೬,೦೦೦ ಸುತ್ತು ತಿರುಗುವಾಗ ಹಲ್ಲಿನ ವೇಗ ಗಂಟೆಗೆ ೧೧೦ ಕಿಲೋಮೀಟರು ದಾಟುತ್ತದೆ. ಆಗ ಅದರಲ್ಲಿ ಅಡಗಿರುವ ಶಕ್ತಿ, ಇಡೀ ಯಂತ್ರವನ್ನು ಸುಮಾರು ೫ ಮೀಟರು ಎತ್ತರದಿಂದ ಕೆಳಕ್ಕೆ ಬೀಳಿಸಿದಷ್ಟು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. “ಆದರೆ ಸಾರ್, ಎದುರಿನವನಿಗೆ ಎಷ್ಟು ಪೆಟ್ಟೋ, ಉರುಳೆಯನ್ನು ಹಿಡಿದ ನಮ್ಮ ಬೋಲ್ಟುಗಳಿಗೂ ಅಷ್ಟೇ ಪೆಟ್ಟು. ನ್ಯೂಟನ್ನನ ಮೂರನೆಯ ನಿಯಮ.” ಆ ಉರುಳೆಯನ್ನು ಲೇತಿನ ಮೇಲೆ ಕಡೆದುಕೊಟ್ಟವನು ಅವನ ತಂದೆಯೇ. ಕನಕಪುರದಲ್ಲಿ ಅವರದೊಂದು ಸಣ್ಣ ಲೇತ್ ಅಂಗಡಿ. ರೇಷ್ಮೆ ನೂಲು ತೆಗೆಯುವ ಯಂತ್ರ, ಟ್ರಾಕ್ಟರಿನ ನೇಗಿಲು, ಏನು ಮುರಿದರೂ ಅಲ್ಲಿಗೆ ಬರುತ್ತದೆ. ತಾನು ಕಡೆದ ಉರುಳೆ ಹೇಗೆ ತಿರುಗುವುದೋ ನೋಡಬೇಕೆಂದು ಆತ ಅಂದು ಅಂಗಡಿ ಮುಚ್ಚಿ, ಬೇರೊಂದು ಬಸ್ಸಿನಲ್ಲಿ ಬಂದು, ಪ್ರೇಕ್ಷಕರ ಮೆಟ್ಟಿಲ ಮೇಲೆ ಕುಳಿತಿದ್ದರು. ಅವರನ್ನು ಕಂಡ ಮಗನ ಮುಖ ಬಿಳಿಚಿಕೊಂಡಿತು. ಪಂದ್ಯದ ಅಳುಕೆಂದು ನಾನು ತಿಳಿದೆ.

ಮೊದಲ ಎದುರಾಳಿಗಳು ಹುಬ್ಬಳ್ಳಿಯ ಕಡೆಯವರು. ಅವರ ಯಂತ್ರ ಮೊರದ ಹಾಗೆ ಚಪ್ಪಟೆ. ನೆಲಕ್ಕೆ ಅಂಟಿಕೊಂಡು ಬಂದು ಎದುರಿನವರನ್ನು ಕೇರಿ ಎಸೆಯುತ್ತಿತ್ತು. ಗಂಟೆ ಹೊಡೆಯಿತು. ನಮ್ಮ ಉರುಳೆ ಮೊದಲು ಗುನುಗಿ, ಆಮೇಲೆ ಊಳಿಟ್ಟಿತು. ಟಗರು ನುಗ್ಗಿ ಹಾಯ್ದ ಮೊದಲ ಪೆಟ್ಟಿಗೇ ಆ ಮೊರ ಆಳೆತ್ತರ ಹಾರಿ ಬೆನ್ನಡಿಯಾಗಿ ಬಿದ್ದು, ಉರುಳಿ ಎದ್ದಿತು. ನಾನು ಕೂಗಿದೆನಂತೆ. ಏನು ಕೂಗಿದೆನೋ ನೆನಪಿಲ್ಲ. ‘ಭಲೇ ಭೀಮಸೇನ’ ಎಂದಿರಂದು ಹುಡುಗಿ ಹೇಳುತ್ತಾಳೆ. ನಲವತ್ತನೆಯ ಸೆಕೆಂಡಿಗೆ ಎರಡನೆಯ ಪೆಟ್ಟು. ಕಿಡಿ ಹಾರಿತು, ಫಟ್ ಎಂದು ಏನೋ ಸಿಡಿಯಿತು. ನೋಡಿದರೆ ಉರುಳೆ ನಮ್ಮ ಯಂತ್ರವನ್ನೇ ಬಿಟ್ಟು ಒಂಟಿಯಾಗಿ ನೆಲದ ಮೇಲೆ ಗಿರಗಿರನೆ ಓಡುತ್ತಿದೆ! ಎದುರಾಳಿ ನಮ್ಮನ್ನು ಮುರಿದಿರಲಿಲ್ಲ. ನಮ್ಮದೇ ಪೆಟ್ಟಿಗೆ ನಮ್ಮ ಬೋಲ್ಟುಗಳು ತುಂಡಾಗಿದ್ದವು. ಉಳಿದ ಎರಡು ನಿಮಿಷ ಮೂತಿಯಿಲ್ಲದ ಟಗರನ್ನು ಆ ಮೊರ ಅಂಗಳದ ತುಂಬ ತಳ್ಳಾಡಿತು. ಸಾರಥಿ ಕೈಚೆಲ್ಲಲಿಲ್ಲ, ಗಂಟೆ ಹೊಡೆಯುವವರೆಗೆ ಓಡಾಡಿಸಿದ. ಸೋತೆವು.

ಒಮ್ಮೆ ಸೋತವರಿಗೆ ಇನ್ನೊಂದು ಅವಕಾಶವಿತ್ತು. ಮುಕ್ಕಾಲು ಗಂಟೆಯೊಳಗೆ ಯಂತ್ರ ಸಿದ್ಧವಾಗಬೇಕು. ಮೆಟ್ಟಿಲ ಮೇಲೆ ಆ ತಂದೆ ಎದ್ದು ನಿಂತಿದ್ದರು. “ನಿಮ್ಮ ತಂದೆಯವರನ್ನು ಕರೆಯಬಾರದೇ? ಬೋಲ್ಟಿನ ಕೆಲಸ ಅವರಿಗಿಂತ ಬಲ್ಲವರಾರು?” ಎಂದೆ.

“ಬೇಡ ಸಾರ್. ಅಪ್ಪ ಒಳಗೆ ಬರೋದು ಬೇಡ.”

“ಏಕೆ?”

ಹುಡುಗ ನನ್ನ ಮುಖ ನೋಡದೆ ಹೇಳಿದ. ಉರುಳೆಯ ಮೋಟಾರು, ಬ್ಯಾಟರಿ ಎರಡೂ ಹೊಸವು, ೧೨,೦೦೦ ರೂಪಾಯಿ. ತಂದೆ ಕಾಲೇಜಿನ ಶುಲ್ಕದ ಕಡೆಯ ಕಂತಿಗೆಂದು ಕೊಟ್ಟ ಹಣ ಅದು. ಸೋಮವಾರ ಕಟ್ಟಬೇಕಾದುದು. ಬಹುಮಾನ ಬಂದರೆ ತುಂಬಿಬಿಡುವೆನೆಂದು ನಂಬಿದ್ದನಂತೆ. ಹಳೆಯ ಮೋಟಾರನ್ನೇ ಹಾಕಿದ್ದೇವೆಂದು ಮನೆಯಲ್ಲಿ ಹೇಳಿದ್ದ. ಒಳಗೆ ಬಂದರೆ ಅವರ ಕಣ್ಣಿಗೆ ಮೊದಲು ಬೀಳುವುದೇ ಆ ಮೋಟಾರು.

ಅಂದು ನಾನು ರುಜು ಹಾಕಿದ ಕಾಗದ ನೆನಪಾಯಿತು. ಚೀಲದಲ್ಲಿ ಅದರ ನಕಲಿತ್ತು, ತೆಗೆದು ಓದಿದೆ. ‘ಖರ್ಚನ್ನು ಪೋಷಕರ ಒಪ್ಪಿಗೆಯೊಂದಿಗೆ ಭರಿಸಲಾಗಿದೆ, ವಿಚಾರಿಸಿ ತಿಳಿದಿದ್ದೇನೆ’ ಎಂದು ಮೂರನೆಯ ಸಾಲಿನಲ್ಲಿತ್ತು. ವಿಚಾರಿಸಿದವನು ನಾನು, ತಿಳಿದವನೂ ನಾನು. ಹುಡುಗನ ಸುಳ್ಳಿನ ಕೆಳಗೆ ಎಂ.ಎ. ಪದವಿಯ ಸಮೇತ ನನ್ನ ಹೆಸರು ದುಂಡಗೆ ಕುಳಿತಿತ್ತು. ಗದರಿಸಲು ನನಗೆ ಬಾಯಿ ಬರಲಿಲ್ಲ. “ನೀನೇ ಹೋಗಿ ಹೇಳು. ನಾನೂ ಬರುತ್ತೇನೆ, ನನ್ನದೂ ಒಂದು ಪಾಲಿದೆ” ಎಂದೆ.

ಮೆಟ್ಟಿಲ ಮೇಲೆ ಅವನು ಹೇಳಿದ. ನಾನೂ ಕಾಗದ ತೋರಿಸಿದೆ. ತಂದೆ ಬಹಳ ಹೊತ್ತು ಅಂಗಳವನ್ನೇ ನೋಡುತ್ತ ನಿಂತರು. ಕಡೆಗೆ ಮಗನ ಕಡೆ ತಿರುಗಿ, “ಬೋಲ್ಟ್ ತೋರ್ಸು” ಎಂದರು.

ದುರಸ್ತಿಯ ಜಾಗದೊಳಗೆ ಕೊರಳಿಗೆ ಬಿಲ್ಲೆ ಇದ್ದವರಿಗಷ್ಟೇ ಪ್ರವೇಶ. ಅಲ್ಲಿ ನನ್ನಿಂದ ಆಗಬೇಕಾದುದೇನೂ ಇರಲಿಲ್ಲ. ‘ಅಧ್ಯಾಪಕರು’ ಎಂದು ಬರೆದ ನನ್ನ ಬಿಲ್ಲೆಯನ್ನು ತೆಗೆದು, ಕಾವಲಿನ ಸ್ವಯಂಸೇವಕನಿಗೆ ತಿಳಿಸಿ, ಅವರ ಕೊರಳಿಗೆ ಹಾಕಿ, ನಾನು ಬೇಲಿಯ ಹೊರಗೆ ನಿಂತೆ. ಆತ ತುಂಡು ಬೋಲ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. “ಎಂಟು ಎಂ.ಎಂ. ಹಾಕಿದ್ದೀಯ. ಹತ್ತು ಹಾಕು ಅಂತ ಆವತ್ತೇ ಹೇಳಿರ್ಲಿಲ್ವ?”

“ಹತ್ತೇ ಹಾಕಿದ್ವಿ ಅಪ್ಪ. ಆಮೇಲೆ ತೂಕ ಮೀರ್ತು. ಎಂಟು ಬೋಲ್ಟು ಬದಲಾಯಿಸಿದ್ವಿ. ನೂರ ಮೂವತ್ತು ಗ್ರಾಂ ಉಳೀತು.”

“ಯಾತಕ್ಕೆ ತೂಕ ಮೀರ್ತು?”

ಹುಡುಗ ಉತ್ತರ ಹೇಳಲಿಲ್ಲ. ಬೇಲಿಯಾಚೆ ನಿಂತ ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದ. ಓದುಗರು ಊಹಿಸಿರಬಹುದು. ಕೊಂಬುಗಳ ತೂಕ ೧೫೦ ಗ್ರಾಂ.

ಅಷ್ಟರಲ್ಲಿ ನಮ್ಮನ್ನು ಸೋಲಿಸಿದ ತಂಡದ ನಾಯಕ ಒಂದು ಡಬ್ಬಿ ಹಿಡಿದುಕೊಂಡು ಬಂದ. “ತಗೋರಿ, ಹತ್ತರ ಬೋಲ್ಟ್ ನಮ್ಮ ಕಡೆ ಅದಾವ. ಡ್ರಿಲ್ಲೂ ತಂದೀನಿ” ಎಂದ. ಗೆದ್ದವನು ಸೋತವನಿಗೆ ಆಯುಧ ತಂದುಕೊಡುವುದನ್ನು ನಾನು ಯಾವ ಕಾವ್ಯದಲ್ಲಿಯೂ ಓದಿರಲಿಲ್ಲ. ಏಕಪ್ಪಾ ಎಂದು ಕೇಳಿದರೆ, “ನಾಳೆ ನಮ್ದೂ ಮುರೀತದಲ್ರೀ ಸರ” ಎಂದು ನಕ್ಕು, ತೂತು ಕೊರೆಯಲು ಯಂತ್ರವನ್ನು ಹಿಡಿದು ಕುಳಿತ. ಹುಡುಗಿ ಸ್ಪ್ಯಾನರಿನಿಂದ ಕೊಂಬುಗಳನ್ನು ಬಿಚ್ಚಿ ಬೇಲಿಯ ಮೇಲಿಂದ ನನ್ನ ಕೈಗೆ ಕೊಟ್ಟಳು. ತಂದೆ ಮಗ ಇಬ್ಬರೂ ಮಾತಿಲ್ಲದೆ ಕೆಲಸ ಮಾಡಿದರು. ಒಬ್ಬರು ಕೈಚಾಚುವ ಮುನ್ನವೇ ಇನ್ನೊಬ್ಬರು ಬೇಕಾದ ಸಾಮಾನನ್ನು ಕೈಗಿಡುತ್ತಿದ್ದರು. ಹಿಂದಿನ ಬೆಂಚಿನಲ್ಲಿ ಎರಡು ವರ್ಷ ನಾನು ಕಂಡ ಹುಡುಗ ಇವನಲ್ಲವೆಂದು ನನಗೆ ತೋರಿತು.

ಎರಡನೆಯ ಪಂದ್ಯದಲ್ಲಿ ಎದುರಿಗಿದ್ದುದು ಉಕ್ಕಿನ ಪಟ್ಟಿಯನ್ನು ಅಡ್ಡಡ್ಡಲಾಗಿ ತಿರುಗಿಸುವ ಯಂತ್ರ. ಒಂದು ನಿಮಿಷದೊಳಗೆ ಅದು ನಮ್ಮ ಎಡಗಾಲಿಯನ್ನು ಕತ್ತರಿಸಿ ಎಸೆಯಿತು. ಟಗರು ಒಂಟಿ ಗಾಲಿಯ ಮೇಲೆ ಬುಗುರಿಯಂತೆ ಸುತ್ತುತ್ತ, ಹತ್ತಿರ ಬಂದಾಗಲೆಲ್ಲ ಹಾಯುತ್ತ ಮೂರು ನಿಮಿಷವನ್ನೂ ಮುಗಿಸಿತು. ತೀರ್ಪುಗಾರರು ಎದುರಾಳಿಯ ಕೈ ಎತ್ತಿದರು. ಎರಡು ಪಂದ್ಯ, ಎರಡು ಸೋಲು, ಬಹುಮಾನವಿಲ್ಲ. ಆದರೆ ಉರುಳೆ ಕಡೆಯ ಕ್ಷಣದವರೆಗೂ ಊಳಿಡುತ್ತಲೇ ಇದ್ದಿತು. ಪಂದ್ಯವಾದ ಮೇಲೆ ತಂದೆ ಬಗ್ಗಿ, ಎಂಟು ಬೋಲ್ಟುಗಳನ್ನೂ ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿ, “ನಿಂತವೆ” ಎಂದರು. ಮಗನ ಕಣ್ಣಲ್ಲಿ ನೀರು ಬಂದುದು ಸೋತಾಗಲ್ಲ, ಆ ಮಾತಿಗೆ.

ಸಂಜೆ ಬನಶಂಕರಿಯ ನಿಲ್ದಾಣದಲ್ಲಿ ಬಸ್ಸಿಗಾಗಿ ಕಾಯುವಾಗ, ಶುಲ್ಕದ ಅರ್ಧವನ್ನು ನಾನು ಕೊಡುವೆನೆಂದು ಆ ಯಜಮಾನರಿಗೆ ಹೇಳಿದೆ. ಅವರು ಒಪ್ಪಲಿಲ್ಲ.

“ಫೀಜು ನಾನೇ ಕಟ್ತೀನಿ ಮೇಷ್ಟ್ರೇ. ರಜದಲ್ಲಿ ಇವನು ಅಂಗಡೀಲಿ ನಿಂತು ತೀರಿಸ್ಬೇಕು. ದುಡ್ಡಿಗಲ್ಲ, ಸುಳ್ಳಿಗೆ. ನೀವು ಇನ್ಮೇಲೆ ಓದ್ಬಿಟ್ಟು ರುಜು ಹಾಕಿ, ಅಷ್ಟು ಸಾಕು.”

ಇಷ್ಟು ಸಂಕ್ಷೇಪವಾದ, ಇಷ್ಟು ನ್ಯಾಯವಾದ ವಿಮರ್ಶೆ ನನ್ನ ಬರವಣಿಗೆಯ ಬಗ್ಗೆ ಇದುವರೆಗೆ ಬಂದಿಲ್ಲ.

ನಾವು ನಮ್ಮ ಮಕ್ಕಳನ್ನು ಪರೀಕ್ಷೆಗೆಂದೇ ಬೆಳೆಸುತ್ತೇವೆ. ಅಲ್ಲಿ ಪಕ್ಕದವನಿಗೆ ಕಾಣದಂತೆ ಕೈ ಅಡ್ಡವಿಟ್ಟು ಬರೆಯಬೇಕು. ತ‍ಪ್ಪಿದ್ದನ್ನು ಮನೆಯಲ್ಲಿ ಬಚ್ಚಿಡಬೇಕು. ಸೋಲನ್ನು ಮೇಜಿನ ಮೇಲೆ ಹರಡಿ, ಯಾವ ಬೋಲ್ಟು ಏಕೆ ಮುರಿಯಿತೆಂದು ಹತ್ತು ಜನರ ಮುಂದೆ ನೋಡುವ ಅಭ್ಯಾಸ ನಮಗಿಲ್ಲ. ಅದಿದ್ದಿದ್ದರೆ ಆ ಹುಡುಗ ೧೨,೦೦೦ ರೂಪಾಯಿಗೆ ಸುಳ್ಳು ಹೇಳುತ್ತಿರಲಿಲ್ಲವೆಂದು ನಾನು ಆಣೆಯಿಟ್ಟು ಹೇಳಲಾರೆ. ಹೇಳಿದ ಸುಳ್ಳನ್ನು ಒಪ್ಪಿಕೊಳ್ಳಲು ಅವನಿಗೆ ಮುರಿದ ಯಂತ್ರವೊಂದು ಬೇಕಾಯಿತೆಂಬುದನ್ನು ಮಾತ್ರ ಕಣ್ಣಾರೆ ಕಂಡೆ.

ಆ ತಗಡಿನ ಕೊಂಬುಗಳು ಈಗ ನನ್ನ ಮೇಜಿನ ಮೇಲೆ, ಕಾಗದ ಹಾರದಂತೆ ಭಾರಕ್ಕೆ ಕುಳಿತಿವೆ. ಬರೆಯುವಾಗ ಸೊಗಸಾದ ಉಪಮೆಯೊಂದು ಹೊಳೆದರೆ ಅವನ್ನೊಮ್ಮೆ ನೋಡಿ, ಇದಕ್ಕಾಗಿ ಎಲ್ಲಿ ಬೋಲ್ಟು ಸಣ್ಣದಾಗಿದೆಯೋ ಎಂದು ಹುಡುಕುತ್ತೇನೆ. ರುಜು ಹಾಕುವ ಮುನ್ನ ಮೂರನೆಯ ಸಾಲನ್ನು ಓದುತ್ತೇನೆ. ರಾಗಿಯನ್ನು ಮರುದಿನವೇ ಬೀಸಿಸಿಕೊಂಡು ಬಂದೆ.